ನಾಲ್ಕು ವರ್ಷದ ಬಳಕೆ: ಮಂಜಿನ ಬೆಟ್ಟದ ಓಟಕ್ಕೆ ತೆಳು ಮಳೆ ಜಾಕೆಟ್ ಮತ್ತು ಬೇಸ್‌ಪ್ಲೇಟ್ ಕಂಪಾಸ್

ಕೊಡಗಿನಲ್ಲಿ ಹಿಮ ಬೀಳುವುದಿಲ್ಲ. ಆದರೂ ತಡಿಯಂಡಮೋಳ್‌ನ 1748 ಮೀಟರ್ ತುದಿಗೆ ಮಂಜು ಕವಿದು, ತುಂತುರು ಹಿಡಿದು, ಗಾಳಿ ಎದ್ದರೆ ಹಿಮದ ಬೆಟ್ಟದಲ್ಲಿ ಓಡುವವರಿಗೆ ಬೇಕಾದ ಎರಡೂ ಇಲ್ಲಿ ಬೇಕು: ದಿಕ್ಕು ಮತ್ತು ಮೈಬಿಸಿ. ಇವು ಒಂದಕ್ಕೊಂದು ಅಂಟಿಕೊಂಡೇ ಇವೆ. ಓಡುತ್ತಿರುವಷ್ಟು ಹೊತ್ತು ಮೈ ಬೆಚ್ಚಗಿರುತ್ತದೆ. ದಾರಿ ತಿಳಿಯದೆ ಹತ್ತು ನಿಮಿಷ ನಿಂತರೆ ಬೆವರಿದ ಬನಿಯನ್ ತಣ್ಣಗೆ ಬೆನ್ನಿಗಂಟುತ್ತದೆ, ಬೆರಳು ಮರಗಟ್ಟುತ್ತದೆ, ಆಮೇಲೆ ನಕ್ಷೆ ಬಿಡಿಸುವುದೇ ಆಗುವುದಿಲ್ಲ. ಅದಕ್ಕೇ ಎರಡು ಸಾಮಾನಿನ ವಿಮರ್ಶೆ ಒಟ್ಟಿಗೆ ಬರೆದಿದ್ದೇನೆ. ಕಂಪಾಸ್ ಇವತ್ತಿಗೂ ಹೊಸದರಂತಿದೆ. ಜಾಕೆಟ್ ಮೂರನೇ ಮಳೆಗಾಲಕ್ಕೆ ಸೋಲತೊಡಗಿತು.

ಬೇಸ್‌ಪ್ಲೇಟ್ ಕಂಪಾಸ್ ಅಂದರೆ ನಕ್ಷೆಯ ಮೇಲಿಟ್ಟು ದಿಕ್ಕು ಓದಲು ಬರುವಂತೆ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಗೆ ಕೂರಿಸಿದ ಕಂಪಾಸ್. ಕೊಳ್ಳುವಾಗ ಮೊದಲು ನೋಡಬೇಕಾದ್ದು ಮುಳ್ಳಿನ ಸಮತೋಲ. ಯುರೋಪಿನಲ್ಲಿ ಭೂಮಿಯ ಕಾಂತಕ್ಷೇತ್ರ ಮುಳ್ಳಿನ ಉತ್ತರದ ತುದಿಯನ್ನು ಬಲವಾಗಿ ಕೆಳಕ್ಕೆಳೆಯುತ್ತದೆ. ಅದನ್ನು ಸರಿದೂಗಿಸಲು ಅಲ್ಲಿಗೆಂದು ಮಾಡಿದ ಕಂಪಾಸ್‌ಗಳ ಮುಳ್ಳಿನ ದಕ್ಷಿಣದ ಕಡೆ ತುಸು ಭಾರ ಹೆಚ್ಚಿಟ್ಟಿರುತ್ತಾರೆ. ಕೊಡಗು ಕಾಂತೀಯ ಸಮಭಾಜಕಕ್ಕೆ (ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ರೇಖೆಗೆ) ಹತ್ತಿರವಿರುವುದರಿಂದ ಇಲ್ಲಿ ಆ ಎಳೆತ ತೀರ ಕಡಿಮೆ. ಹಾಗಾಗಿ ಅದೇ ಕಂಪಾಸ್ ಇಲ್ಲಿ ದಕ್ಷಿಣದ ತುದಿ ತಗ್ಗಿಸಿ ಡಬ್ಬಿಯ ತಳಕ್ಕೆ ಉಜ್ಜುತ್ತದೆ. ಅಂಗೈ ಮೇಲೆ ಸಮವಾಗಿ ಹಿಡಿದು ಪಕ್ಕದಿಂದ ನೋಡಿ: ಎರಡೂ ತುದಿ ಒಂದೇ ಎತ್ತರದಲ್ಲಿರಬೇಕು. ಗಕ್ಕನೆ ಕಾಲು ಸುತ್ತು ತಿರುಗಿದರೆ ಮುಳ್ಳು ಮೂರ್ನಾಲ್ಕು ಸೆಕೆಂಡಿನಲ್ಲಿ ನಿಲ್ಲಬೇಕು, ನಡುವೆ ಸಿಕ್ಕಿಕೊಳ್ಳಬಾರದು. ಎಲ್ಲ ವಲಯಕ್ಕೂ ಹೊಂದುವ ಗ್ಲೋಬಲ್ ಮುಳ್ಳಿನದಕ್ಕೆ ಬೆಲೆ ಜಾಸ್ತಿ, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ನಿಜ ಉತ್ತರಕ್ಕೂ ಕಾಂತೀಯ ಉತ್ತರಕ್ಕೂ ಇಲ್ಲಿ ಎರಡು ಡಿಗ್ರಿಯಷ್ಟೂ ವ್ಯತ್ಯಾಸವಿಲ್ಲ. ಕಾಲು ಕಿಲೋಮೀಟರಿನ ತುಣುಕುಗಳಲ್ಲಿ ಹೋಗುವವರು ಅದನ್ನು ಬಿಟ್ಟುಬಿಡಬಹುದು. ಕಡೆಗಣಿಸಬಾರದ್ದು ಮೊಬೈಲಿನಿಂದಾಗುವ ತೊಂದರೆ. ಸ್ಪೀಕರಿನ ಅಯಸ್ಕಾಂತದ ಪಕ್ಕ ತಿಂಗಳುಗಟ್ಟಲೆ ಇಟ್ಟ ಕಂಪಾಸ್‌ನ ಮುಳ್ಳು ಉಲ್ಟಾ ಆಗಿ ಉತ್ತರದ ಬದಲು ದಕ್ಷಿಣ ತೋರಿಸಬಹುದು. ಹೊರಡುವ ಮುಂಚೆ ಬೆಳಗಿನ ಸೂರ್ಯನಿಗೆ ಹೋಲಿಸಿ ನೋಡಿಕೊಳ್ಳಿ.

ತಡಿಯಂಡಮೋಳ್‌ನಲ್ಲಿ ಏರುವಾಗ ತಪ್ಪುವವರು ಕಡಿಮೆ, ಇಳಿಯುವಾಗಲೇ ಹೆಚ್ಚು. ಏರುವಾಗ ಎಲ್ಲ ಏಣುಗಳೂ ತುದಿಗೇ ಸೇರುತ್ತವೆ. ಇಳಿಯುವಾಗ ಒಂದೊಂದು ಏಣು ಒಂದೊಂದು ಕಣಿವೆಗೆ ಕರೆದೊಯ್ಯುತ್ತದೆ. ಮೇಲಿಂದ ಹುಲ್ಲಿನ ನಡುವೆ ದನಗಳ ಕಾಲುದಾರಿ, ಜನರ ಕಾಲುದಾರಿ ಎರಡೂ ಒಂದೇ ಥರ ಕಾಣುತ್ತವೆ. ನಾಲ್ಕುನಾಡು ಅರಮನೆ ಕಡೆಯಿಂದ ಬಂದು ಶೋಲಾ ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಜಾಗದಲ್ಲಿ ನಿಂತು ಮುಂದಿನ ಏಣಿನ ದಿಕ್ಕು ಓದಿ, ಡಿಗ್ರಿಯನ್ನು ಪೆನ್ನಿನಲ್ಲಿ ಕೈಮೇಲೆ ಬರೆದುಕೊಳ್ಳಿ. ದಾರಿ ತಿರುಗಿದಲ್ಲೆಲ್ಲ ಇನ್ನೊಂದು ಓದು. ವಾಪಸಿಗೆ ಅದೇ ಅಂಕಿಗಳು ಕೆಳಗಿನಿಂದ ಮೇಲಕ್ಕೆ: 180ಕ್ಕಿಂತ ಕಡಿಮೆಯಿದ್ದರೆ 180 ಕೂಡಿಸಿ, ಹೆಚ್ಚಿದ್ದರೆ ಕಳೆಯಿರಿ.

ದೂರಕ್ಕೆ ಹೆಜ್ಜೆ ಲೆಕ್ಕ. ಬಲಗಾಲು ಊರಿದ್ದನ್ನು ಮಾತ್ರ ಎಣಿಸಿದರೆ, ಸಮ ನೆಲದ ಓಟದಲ್ಲಿ 100 ಮೀಟರಿಗೆ ಸುಮಾರು 40ರಿಂದ 45, ಹುಲ್ಲಿನ ಏರಿನಲ್ಲಿ ನಡೆದರೆ 70 ದಾಟುತ್ತದೆ. ನಿಮ್ಮ ಲೆಕ್ಕವನ್ನು ಶಾಲಾ ಮೈದಾನದಲ್ಲಿ ಅಳೆದುಕೊಳ್ಳಿ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ 2 ಮಿಲಿಮೀಟರ್ ಅಂದರೆ ನೆಲದ ಮೇಲೆ 100 ಮೀಟರ್. ಮೊಬೈಲಿನಲ್ಲಿ ಆಫ್‌ಲೈನ್ ನಕ್ಷೆ ಇರಲಿ, ಬೇಡವೆನ್ನುವುದಿಲ್ಲ. ಆದರೆ ಸ್ಕ್ರೀನ್ ಮೇಲೆ ಮಳೆಹನಿ ಬಿದ್ದರೆ ಬೆರಳು ಯಾವುದು, ನೀರು ಯಾವುದು ಎಂದು ಅದಕ್ಕೇ ಗೊತ್ತಾಗುವುದಿಲ್ಲ.

ಈಗ ಜಾಕೆಟ್. ಎರಡೂವರೆ ಪದರದ್ದು (ಹೊರಬಟ್ಟೆ, ಒಳಗೆ ನೀರುತಡೆ ಪದರ, ಅದರ ರಕ್ಷಣೆಗೆ ತೆಳು ಅಚ್ಚು), 10,000 ಮಿಲಿಮೀಟರ್ ನೀರುತಡೆ (ಅಷ್ಟೆತ್ತರದ ನೀರಿನ ಒತ್ತಡ ತಡೆಯುವಷ್ಟು), ತೂಕ 180 ಗ್ರಾಂ. ಮೊದಲೆರಡು ಮಳೆಗಾಲ ದೂರು ಹೇಳುವಂತಿರಲಿಲ್ಲ. ಮೊದಲು ಹೋಗಿದ್ದು ಹೊರಬಟ್ಟೆಯ ಲೇಪ. ಹನಿ ಮುತ್ತಿನಂತೆ ಉರುಳುವುದು ನಿಂತು, ಹೆಗಲಿನ ಬಟ್ಟೆ ಕಪ್ಪಗೆ ನೆನೆಯತೊಡಗಿತು. ಹೀಗಾದಾಗ ಜಾಕೆಟ್ ಸೋರುತ್ತಿದೆ ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಸೋರಿಕೆಯಲ್ಲ: ನೆಂದ ಹೊರಬಟ್ಟೆ ದಾಟಿ ಬೆವರಿನ ಆವಿ ಹೋಗಲಾರದೆ ಒಳಗೇ ನೀರಾಗುತ್ತದೆ. ಕಂಫರ್ಟ್‌ನಂಥ ಮೃದುಕಾರಕ ಹಾಕದೆ ದ್ರವ ಸೋಪಿನಲ್ಲಿ ತೊಳೆದು, ಎರಡು ಸಲ ಜಾಲಿಸಿ, ಒಣಗಿದ ಮೇಲೆ ತೆಳು ಪಂಚೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿದರೆ ಲೇಪ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಆಗಲೂ ಹನಿ ಉರುಳದಿದ್ದರೆ ಸ್ಪ್ರೇ ಲೇಪ ತರಬೇಕು.

ಎರಡನೆಯ ದೋಷಕ್ಕೆ ಮದ್ದಿಲ್ಲ. ಒಳಗಿನ ಪಾಲಿಯುರಿಥೇನ್ ಪದರವನ್ನು ತೇವ ನಿಧಾನಕ್ಕೆ ಒಡೆಯುತ್ತದೆ. ಬ್ಯಾಗಿನ ಪಟ್ಟಿ ಉಜ್ಜುವ ಹೆಗಲಲ್ಲಿ, ಎಣ್ಣೆ ತಾಗುವ ಕುತ್ತಿಗೆಯಲ್ಲಿ ಅದು ಹೊಟ್ಟಿನಂತೆ ಉದುರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು; ಒದ್ದೆ ಜಾಕೆಟ್ ಮಡಚಿ ಇಟ್ಟರೆ ಆಯುಷ್ಯ ಅರ್ಧವಾಗುತ್ತದೆ. ಹಾಗೆಂದು ಬಟ್ಟೆ ಒಣಗಿಸುವ ಹಾಗೆ ಒಲೆಯ ಮೇಲೆ ತೂಗುಹಾಕಬೇಡಿ, ಬಿಸಿಗೆ ಹೊಲಿಗೆಯ ಟೇಪ್ ಏಳುತ್ತದೆ. ಫ್ಯಾನಿನ ಕೆಳಗೆ ಒಳಮೈ ಹೊರಗೆ ಮಾಡಿ ಒಂದು ರಾತ್ರಿ ಬಿಡಿ.

ಜಾಕೆಟ್ ಹಾಕುವ ಜಾಗವೂ ಅದೇ ಶೋಲಾದ ಅಂಚು. ಗಾಳಿಗೆ ಬಿದ್ದು ತೊಪ್ಪೆಯಾದ ಮೇಲೆ ಹಾಕಿದರೆ ತಣ್ಣೀರನ್ನು ಒಳಗೆ ಕಟ್ಟಿಟ್ಟಂತೆ. ಒಳಗೆ ಹತ್ತಿ ಬೇಡ, ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆ. ನೆಂದರೂ ಉಣ್ಣೆ ಬೆಚ್ಚಗಿಡುತ್ತದೆ ಎಂಬುದು ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿದವರಿಗೆ ಹೇಳಿಕೊಡಬೇಕಿಲ್ಲ. ನೀರು ಹೊಗದ ಚೀಲದಲ್ಲಿ ಒಂದು ಒಣ ಬನಿಯನ್, ಟೋಪಿ, ಕೈಗವಸು, ಮೈಬಿಸಿ ಉಳಿಸಲು ಒಳಹೊಕ್ಕು ಕೂರುವ 100 ಗ್ರಾಂ ತೂಗುವ ಫಾಯಿಲ್ ಚೀಲ ಇರಲೇಬೇಕು. ಹೆಬ್ಬೆರಳು ಕಿರುಬೆರಳಿಗೆ ತಾಗಿಸಲು ಆಗುತ್ತಿಲ್ಲವೆಂದರೆ ಅಲ್ಲಿಂದಲೇ ಇಳಿಯಿರಿ. ಕಾಡಿನ ಭಾಗಕ್ಕೆ ಮಾತ್ರ ಪೂರ್ತಿ ಬೆಳಕಾಗುವ ಮುಂಚೆ ಕಾಲಿಡಬೇಡಿ: ಮಂಜಿನಲ್ಲಿ ಆನೆ ಹತ್ತು ಹೆಜ್ಜೆಗೂ ಕಾಣುವುದಿಲ್ಲ.

ಇದೇ ಸಾಮಾನನ್ನು ಉತ್ತರಾಖಂಡದ ಹಿಮಕ್ಕೆ ಒಯ್ಯುವವರಿಗೆ ಎರಡು ಮಾತು. ಅಲ್ಲಿ ಕಾಂತದ ಬಾಗು, ಅಂದರೆ ಕಾಂತಕ್ಷೇತ್ರ ನೆಲದ ಕಡೆಗೆ ಬಾಗುವ ಕೋನ, ಸುಮಾರು 45 ಡಿಗ್ರಿ. ಇಲ್ಲಿಗೆ ಸರಿಹೊಂದಿದ ಸಾದಾ ಮುಳ್ಳು ಅಲ್ಲಿ ಉತ್ತರದ ತುದಿ ತಗ್ಗಿಸುತ್ತದೆ, ಗ್ಲೋಬಲ್ ಮುಳ್ಳು ತಗ್ಗಿಸದು. ಹಿಮ ಬಿದ್ದರೆ ಕಾಲುದಾರಿಯೇ ಮುಚ್ಚಿಹೋಗುವುದರಿಂದ ಏಣು, ಕಣಿವೆ, ಇಳಿಜಾರಿನ ಆಕಾರವನ್ನೇ ನಕ್ಷೆಯಲ್ಲಿ ಓದಬೇಕು. ಬರೀ ಈ ಜಾಕೆಟ್ ಅಲ್ಲಿ ಸಾಲದು, ಅದರ ಒಳಗೆ ಫ್ಲೀಸ್ ಹಿಡಿಸುವಂತೆ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ.

ಕಂಪಾಸ್ ಮತ್ತೆ ಕೊಳ್ಳಬೇಕಾಗಿ ಬಂದರೆ ಇದನ್ನೇ ಕೊಳ್ಳುತ್ತೇನೆ. ಜಾಕೆಟ್ ಇದೇ ಬೇಡ; ಇನ್ನು 60 ಗ್ರಾಂ ಹೆಚ್ಚಾದರೂ ಒಳಗೆ ಬಟ್ಟೆಯ ಹೊದಿಕೆಯಿರುವ ಮೂರು ಪದರದ್ದು ಇರಲಿ.