ಫೋಲ್ಡರ್ ತೆರೆಯಲು ತಡವೇ? ಸಾಂಬಾ ಸಾಕೋ, ಎನ್‌ಎಫ್‌ಎಸ್ ಬೇಕೋ

ಮನೆಯ ಸರ್ವರ್‌ನಿಂದ ಸಿನಿಮಾ ಸರಾಗವಾಗಿ ಓಡುತ್ತದೆ, ಸಾವಿರಾರು ಫೋಟೊ ಇರುವ ಫೋಲ್ಡರ್ ತೆರೆಯಲು ಮಾತ್ರ ಹೊತ್ತು ಹಿಡಿಯುತ್ತದೆ ಎಂದರೆ, ಕೊರತೆ ಇರುವುದು ನೆಟ್‌ವರ್ಕ್ ವೇಗದಲ್ಲಲ್ಲ. ಪ್ರತಿ ಫೈಲಿನ ಗಾತ್ರ, ದಿನಾಂಕ, ಥಂಬ್‌ನೇಲ್ ಕೇಳುವ ಸಣ್ಣ ಸಣ್ಣ ವಿಚಾರಣೆಗಳೇ ಸಮಯ ತಿನ್ನುವುದು. ವೈಫೈನಲ್ಲಿ ಒಂದೊಂದು ಉತ್ತರಕ್ಕೂ ಕಾಯಬೇಕು. ಹಾಗಾಗಿ ಮೊದಲು ಕೇಬಲ್ ಹಾಕಿ ನೋಡಿ.

ಸರ್ವರ್‌ನ ಫೋಲ್ಡರ್‌ಗಳನ್ನು ಮನೆಯ ಇತರ ಯಂತ್ರಗಳಿಗೆ ಹಂಚುವ ತಂತ್ರಾಂಶ ಸಾಂಬಾ; ಅದು ವಿಂಡೋಸ್, ಮ್ಯಾಕ್, ಮೊಬೈಲ್ ಎಲ್ಲಕ್ಕೂ ಒಗ್ಗುತ್ತದೆ. ಆದರೆ ಫೈಲಿನ ಹೆಸರಿನಲ್ಲಿ ವಿಂಡೋಸ್‌ಗೆ Aಯೂ aಯೂ ಒಂದೇ, ಸರ್ವರ್‌ನಲ್ಲಿರುವ ಲಿನಕ್ಸ್‌ಗೆ ಬೇರೆ ಬೇರೆ. ಕೇಳಿದ ಹೆಸರು ಹಾಗೆಯೇ ಸಿಗದಿದ್ದರೆ ಸಾಂಬಾ ಇಡೀ ಫೋಲ್ಡರ್ ಜಾಲಾಡುತ್ತದೆ. ದೊಡ್ಡ ಫೋಲ್ಡರ್‌ಗಳಲ್ಲಿ ಇದು ನಿಜಕ್ಕೂ ಭಾರ.

ಫೋಲ್ಡರ್ ಹಂಚುವ ಇನ್ನೊಂದು ವಿಧಾನ ಎನ್‌ಎಫ್‌ಎಸ್; ಲಿನಕ್ಸ್ ಯಂತ್ರಗಳ ನಡುವೆ ಅದು ಹಗುರ. ಫೋಲ್ಡರ್ ವಿವರಗಳನ್ನು ಸಾಮಾನ್ಯವಾಗಿ 30ರಿಂದ 60 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ. ಆದರೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ಪಾಸ್‌ವರ್ಡ್ ಕೇಳುವುದಿಲ್ಲ, ಐಪಿ ವಿಳಾಸವನ್ನೇ ನಂಬುತ್ತದೆ. ವಿಂಡೋಸ್ ಹೋಮ್‌ನಲ್ಲಂತೂ ಅದನ್ನು ಬಳಸಲು ಬೇಕಾದ ಕ್ಲೈಂಟ್ ತಂತ್ರಾಂಶವೇ ಇಲ್ಲ.

ಮನೆಯಲ್ಲಿ ಒಂದೇ ಒಂದು ವಿಂಡೋಸ್ ಲ್ಯಾಪ್‌ಟಾಪ್ ಇದ್ದರೂ ನನ್ನ ಓಟು ಸಾಂಬಾಗೇ. ಫೋಟೊ ಫೋಲ್ಡರ್ ಬೇಗ ತೆರೆಯಲು ವಿಂಡೋಸ್‌ನಲ್ಲಿ ಅದರ ಪ್ರಾಪರ್ಟೀಸ್‌ನ ಕಸ್ಟಮೈಸ್‌ಗೆ ಹೋಗಿ, 'ಪಿಕ್ಚರ್ಸ್' ಬದಲು 'ಜನರಲ್ ಐಟಮ್ಸ್' ಆರಿಸಿ. ಎಲ್ಲವೂ ಲಿನಕ್ಸ್ ಆಗಿದ್ದರೆ ಮಾತ್ರ ಎನ್‌ಎಫ್‌ಎಸ್‌ಗೆ ಧೈರ್ಯವಾಗಿ ಹೋಗಿ.