ಎಂಟು ವರ್ಷ, ಎರಡು ಹಳೇ ಫೈಬರ್ ಬೋಟು: ಒಂದು ಸಾಲಿಡ್, ಇನ್ನೊಂದ್ರ ಮೈಯೊಳಗೆ ಬಾಲ್ಸಾ

ನಮ್ ಭಾವಂದು ಕೆಆರ್‌ಎಸ್ ಹಿನ್ನೀರಿನ ಹತ್ರ ತೋಟ, ಜೊತೆಗೆ ಒಂದು ಸಣ್ಣ ಹೋಮ್‌ಸ್ಟೇ. ನಾನಿರೋದು ಮೈಸೂರು ಕುವೆಂಪುನಗರ, ಆದ್ರೆ ಇವ್ನಿಗೆ ಸ್ಪ್ಯಾನರ್ ಹಿಡಿಯೋಕೆ ಬರುತ್ತೆ ಅಂತ ಬೋಟ್‌ಗಳ ಜವಾಬ್ದಾರಿ ಎಲ್ಲಾ ನನ್ ತಲೆಗೇ ಕಟ್ಟಿದ್ದಾರೆ. 2017ರಲ್ಲಿ ಕರಾವಳಿ ಕಡೆಯಿಂದ ಎರಡು ಸೆಕೆಂಡ್ ಹ್ಯಾಂಡ್ ಪವರ್ ಬೋಟ್ ಲಾರಿ ಮೇಲೆ ಹೇರ್ಕೊಂಡು ಬಂದ್ವಿ (ಪರ್ಮಿಷನ್ನಿಗೆ ಅಲೆದ ಕತೆ ಇಲ್ಲಿ ಬೇಡ, ಅದು ಇದಕ್ಕಿಂತ ಉದ್ದ ಆಗುತ್ತೆ). ಒಂದು 16 ಅಡಿದು, ಹಲ್ ಪೂರ್ತಿ ಸಾಲಿಡ್ ಫೈಬರ್. ಇನ್ನೊಂದು 22 ಅಡಿದು, 80ರ ದಶಕದ ಫಾರಿನ್ ಮಾಲು, ಹಲ್ ಒಳಗೆ ಬಾಲ್ಸಾ ಕೋರ್. ಹಲ್ ಅಂದ್ರೆ ಬೋಟಿನ ಮೈ, ನಮ್ ಹುಡುಗ್ರು ಮಾತ್ರ ಇವತ್ತಿಗೂ 'ಬೋಟ್ ಹಲ್ಲು' ಅಂತಾನೇ ಕರೆಯೋದು.

ಗೊತ್ತಿಲ್ಲದೋರಿಗೆ ಹೇಳ್ತೀನಿ. ಸಾಲಿಡ್ ಅಂದ್ರೆ ಗ್ಲಾಸ್ ಮ್ಯಾಟು (ಗಾಜಿನ ಎಳೆಯ ಹಾಸು), ರೆಸಿನ್ನು (ಬಳಿದ ಮೇಲೆ ಗಟ್ಟಿಯಾಗೋ ಅಂಟು), ಮತ್ತೆ ಮ್ಯಾಟು, ಮತ್ತೆ ರೆಸಿನ್ನು, ಹಿಂಗೇ ಪದರದ ಮೇಲೆ ಪದರ, ಮಧ್ಯೆ ಬೇರೇನೂ ಇಲ್ಲ. ಕೋರ್ ಅಂದ್ರೆ ಹೊರಗೊಂದು ತೆಳು ಫೈಬರ್, ಒಳಗೊಂದು ತೆಳು ಫೈಬರ್, ಮಧ್ಯೆ ಬಾಲ್ಸಾ ಮರದ ತುಂಡೋ ಪಿವಿಸಿ ಫೋಮೋ. ಬಾಲ್ಸಾ ಫೈಬರ್‌ಗಿಂತ ಸುಮಾರು ಹತ್ತು ಪಟ್ಟು ಹಗುರ. ಇದ್ದ ಅಷ್ಟೇ ಗ್ಲಾಸನ್ನ ಎರಡು ಮಾಡಿ ಮಧ್ಯೆ ಹಗುರದ ವಸ್ತು ಇಟ್ಟು ಒಟ್ಟು ದಪ್ಪ ಎರಡರಷ್ಟು ಮಾಡಿದ್ರೆ ಬಿಗಿತ ಸುಮಾರು ಏಳು ಪಟ್ಟು ಜಾಸ್ತಿ ಆಗುತ್ತೆ, ರಟ್ಟಿನ ಡಬ್ಬದ ಒಳಗಿನ ಅಲೆಅಲೆ ಕಾಗದ ಮಾಡೋ ಕೆಲಸಾನೇ ಇದೂನೂ. 60ರ ದಶಕದಲ್ಲಿ ಫೈಬರ್ ಎಷ್ಟು ತಡೆಯುತ್ತೆ ಅಂತ ಬೋಟ್ ಕಟ್ಟೋರಿಗೇ ಸರಿಯಾಗಿ ಅಂದಾಜಿರ್ಲಿಲ್ಲ, ಅದಕ್ಕೆ ದಪ್ಪಕ್ಕೆ ಹೊಡೆದಿದ್ರು. ರೆಸಿನ್ ಪೆಟ್ರೋಲಿಯಂ ಮಾಲು ನೋಡಿ, 1973ರಲ್ಲಿ ಎಣ್ಣೆ ರೇಟ್ ಏರಿದ ಮೇಲೆ ಅಷ್ಟು ಸುರಿಯೋಕೆ ಯಾರಿಗೂ ಕೈ ಬರ್ಲಿಲ್ಲ, ಕೋರ್ ಕಡೆಗೆ ವಾಲಿದ್ರು.

ಮೊದಲ ಮೂರು ನಾಲ್ಕು ವರ್ಷ ನಾನು 22 ಅಡಿದನ್ನೇ ಹೊಗಳಿದ್ದು ಹೊಗಳಿದ್ದು. ಸದ್ದು ಕಮ್ಮಿ, ಬಿಸಿಲಲ್ಲಿ ಒಳಗಡೆ ಅಷ್ಟು ಕಾಯಲ್ಲ, ಗಾಳಿ ಎದ್ದು ಅಲೆ ಬಂದಾಗಲೂ ತಳ ನಡುಗಲ್ಲ. 16 ಅಡಿದು ಅಲೆಗೆ ಬಿದ್ರೆ ಧಡ್ ಧಡ್ ಅಂತ ಸೊಂಟಕ್ಕೇ ಹೊಡೆಯುತ್ತೆ, ಅದರ ಸೈಜಿಗೆ ಭಾರಾನೂ ಜಾಸ್ತಿ, ಪೆಟ್ರೋಲೂ ಕುಡಿಯುತ್ತೆ.

2021ರ ಬೇಸಿಗೇಲಿ ಎರಡನ್ನೂ ಮೇಲಕ್ಕೆ ಎಳೆದು ಪಾಚಿ ಉಜ್ತಾ ಇದ್ವಿ. ನಮ್ ಹುಡುಗ ಬ್ರಷ್ ಹಿಡಿಕೇಲಿ ಸುಮ್ನೆ ಬಡೀತಾ ಬಡೀತಾ ಹಿಂದಕ್ಕೆ ಹೋದೋನು ನಿಂತ್ಕೊಂಡು, 'ಅಣ್ಣೋ, ಇಲ್ಲಿ ಸದ್ದೇ ಬೇರೆ ತರ ಅದೆ ಕಣಣ್ಣ' ಅಂದ. ಸಂತೇಲಿ ಮಡಕೆ ತಗೊಳ್ಳೋವಾಗ ಬಡಿದು ನೋಡ್ತೀವಲ್ಲ, ಹಂಗೆ. ಮುಂದೆಲ್ಲಾ ಟಣ್ ಟಣ್, ಎಂಜಿನ್ ಹತ್ರದ ತಳದಲ್ಲಿ ದಬ್ ದಬ್. ಚಾಕ್‌ಪೀಸ್ ತಗೊಂಡು ದಬ್ ಅನ್ನೋ ಜಾಗಕ್ಕೆಲ್ಲಾ ಗೆರೆ ಎಳೀತಾ ಹೋದ್ರೆ ಎರಡಡಿ ಅಗಲ, ಮೂರಡಿ ಉದ್ದ ಬಂತು. ಹೊರಗೆ ನೋಡಿದ್ರೆ ಒಂದು ಬಿರುಕಿಲ್ಲ, ಬಣ್ಣ ಉಬ್ಬಿಲ್ಲ, ಬೋಟು ಒಂದು ದಿನಕ್ಕೂ ಸೋರಿಲ್ಲ. ಒಳಗಿನ ಫೈಬರನ್ನ ಗ್ರೈಂಡರಲ್ಲಿ ಕೊಯ್ದು ಎಬ್ಬಿಸಿದ್ರೆ ಬಾಲ್ಸಾ ಕಪ್ಪಗಾಗಿ, ಆಲೆಮನೆ ಹಿಂದೆ ಮಳೇಲಿ ನೆಂದು ಕೊಳೆತ ಕಬ್ಬಿನ ಸಿಪ್ಪೆ ತರ, ಕೈಲಿ ಹಿಂಡಿದ್ರೆ ನೀರು.

ಕಾರಣ ನಾಲ್ಕು ಸ್ಕ್ರೂ. ತಳದಲ್ಲಿ ಸೇರೋ ನೀರು ಎತ್ತೋ ಪಂಪನ್ನ ಎಲೆಕ್ಟ್ರಿಷಿಯನ್ ಒಬ್ಬ ಒಳಗಡೆಯಿಂದ ಸ್ಕ್ರೂ ಹಾಕಿ ಕೂರಿಸಿದ್ದ, ಮೇಲೆ ಒಂಚೂರು ಸಿಲಿಕಾನ್ ಬಳಿದಿದ್ದ. ಸ್ಕ್ರೂ ಆಚೆಗೆ ತೂತಾಗಿಲ್ಲ, ಅದಕ್ಕೇ ಸೋರಿಕೆ ಇಲ್ಲ. ಒಳ ಪದರ ದಾಟಿ ಬಾಲ್ಸಾಗೆ ಹೋಗಿ ನಿಂತಿದೆ, ಪಂಪ್ ಇರೋದೇ ನೀರು ನಿಲ್ಲೋ ಜಾಗದಲ್ಲಿ. ಬಾಲ್ಸಾನ ಎಳೆ ನೆಟ್ಟಗೆ ನಿಲ್ಲೋ ಹಂಗೆ ಅಡ್ಡ ಕೊಯ್ದು ಹಾಕಿರ್ತಾರೆ, ಅದರಿಂದ ನೀರು ಪಕ್ಕಕ್ಕೆ ಬೇಗ ಹರಡಲ್ಲ ಅನ್ನೋದು ನಿಜಾನೇ, ಆದ್ರೆ ಹಲ್‌ನ ತಿರುವಿಗೆ ಬಗ್ಗಲಿ ಅಂತ ಚಿಕ್ಕ ಚಿಕ್ಕ ಚೌಕ ಮಾಡಿರ್ತಾರಲ್ಲ, ಆ ಸಂದಿಗಳಲ್ಲಿ ರೆಸಿನ್ ತುಂಬದೇ ಬಿಟ್ಟಿದ್ರೆ ಅದು ನೀರಿಗೆ ಕಾಲುವೆ ಇದ್ದಂಗೆ. ನಮ್ದರಲ್ಲಿ ಬಿಟ್ಟಿದ್ರು.

ಕೊಳೆತದ್ದೆಲ್ಲಾ ಕೆರೆದು, ಹ್ಯಾಲೋಜನ್ ಲೈಟ್ ಇಟ್ಟು ವಾರಗಟ್ಟಲೆ ಒಣಗಿಸಿ, ಪಿವಿಸಿ ಫೋಮ್ ಹಾಕಿ, ಎಪಾಕ್ಸಿ ರೆಸಿನ್ನಲ್ಲಿ ಮತ್ತೆ ಗ್ಲಾಸ್ ಹೊದಿಸಿದ್ವಿ. ಮೊದಲು ಒಬ್ಬ ಟ್ಯಾಂಕ್ ರಿಪೇರಿ ಮಾಡೋನು ಮಾಮೂಲಿ ಪಾಲಿಯೆಸ್ಟರ್ ರೆಸಿನ್ನೇ ಸಾಕು ಸಾ ಅಂದ, ಬೇಡ ಅಂದೆ, ಒಣಗಿದ ಹಳೇ ಫೈಬರ್ ಮೇಲೆ ಎಪಾಕ್ಸಿ ಹಿಡಿಯೋ ಹಂಗೆ ಅದು ಹಿಡಿಯಲ್ಲ. ಎಲ್ಲಾ ಸೇರಿ 90 ಸಾವಿರದ ಹತ್ರ ಹೋಯ್ತು. ಭಾವ ಒಂದು ತಿಂಗಳು ನನ್ ಹತ್ರ ಸರಿಯಾಗಿ ಮಾತಾಡ್ಲಿಲ್ಲ.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಲೆಕ್ಕ ಹೇಳ್ಲೇಬೇಕು. ಸಮುದ್ರದಲ್ಲಿ ಅಷ್ಟು ವರ್ಷ ತಡೆದ ಬೋಟು, ಕಾವೇರಿ ಸಿಹಿನೀರಲ್ಲಿ ಏನಾಗುತ್ತೆ ಅಂತ ಅಂದ್ಕೊಂಡಿದ್ದೆ. ಉಲ್ಟಾ. ಮರ ಕೊಳೆಸೋ ಬೂಷ್ಟಿಗೆ ಉಪ್ಪುನೀರು ಆಗ್ಬರಲ್ಲ, ಸಿಹಿನೀರು, ಮಳೆನೀರು ಅಂದ್ರೆ ಹಬ್ಬ. ಜೆಲ್‌ಕೋಟ್ (ಹಲ್ ಹೊರಗಿನ ನುಣುಪು ಬಣ್ಣದ ಪದರ) ಮೇಲೆ ಬೊಬ್ಬೆ ಏಳೋದೂ ಸಿಹಿನೀರಲ್ಲೇ ಜಾಸ್ತಿ, ನಮ್ 16 ಅಡಿದಕ್ಕೆ ಮೂರನೇ ವರ್ಷವೇ ಅವರೆಕಾಳು ಸೈಜಿನ ಗುಳ್ಳೆ ಎದ್ದಿದ್ವು, ಒಡೆದ್ರೆ ವಿನೆಗರ್ ತರ ವಾಸನೆ. ನೋಡೋಕೆ ಗಾಬರಿ ಆಗುತ್ತೆ, ಆದ್ರೆ ಉಜ್ಜಿ ಒಣಗಿಸಿ ಎಪಾಕ್ಸಿ ಬಳಿದ್ರೆ ಮುಗೀತು.

ಸಾಲಿಡ್ ಬೋಟಿನ ತಾಕತ್ತು ಗೊತ್ತಾಗೋದು ಬೇಸಿಗೇಲಿ. ಕಟ್ಟೆ ತುಂಬಿದ್ರೆ 124.80 ಅಡಿ, ನೀರು ಇಳೀತಾ ಇಳೀತಾ ನಿನ್ನೆ ಇಲ್ಲದ ಬಂಡೆ ಇವತ್ತು ಎದ್ದಿರುತ್ತೆ. ಎರಡು ಸಲ ತಳಾನ ಬಂಡೆಗೆ ಜೋರಾಗೇ ಉಜ್ಜಿದ್ದೀವಿ, ಗ್ರೈಂಡರ್ ಆಡ್ಸಿ ಪ್ಯಾಚ್ ಹಾಕಿ ಮೂರನೇ ದಿನಕ್ಕೆ ವಾಪಸ್ ನೀರಿಗೆ. ಅದೇ ಪೆಟ್ಟು ಕೋರ್ ಬೋಟಿಗೆ ಬಿದ್ದಿದ್ರೆ ಹೊರಗಿನ ತೆಳು ಪದರ ಸೀಳಿ ಒಳಗೆ ನೀರು.

ಹಂಗಂತ 'ಫುಲ್ ಸಾಲಿಡ್ ಸಾರ್' ಅಂತ ಮಾರೋರ ಮಾತು ಪೂರ್ತಿ ನಂಬ್ಬೇಡಿ. ಹಲ್ ಸಾಲಿಡ್ಡೇ ಇರುತ್ತೆ, ಆದ್ರೆ ಎಂಜಿನ್ ತಗುಲಿ ಹಾಕೋ ಹಿಂದಿನ ಗೋಡೆ ಒಳಗೆ ಪ್ಲೈವುಡ್, ತಳದ ಉದ್ದ ಪಟ್ಟಿಗಳ ಒಳಗೂ ಎಷ್ಟೋ ಹಳೇ ಬೋಟಲ್ಲಿ ಪ್ಲೈವುಡ್ಡೇ. ನಮ್ದು 2023ರಲ್ಲಿ ಅದೇ ಕೈ ಕೊಡ್ತು. ಔಟ್‌ಬೋರ್ಡ್ ಎಂಜಿನ್ನಿನ ಕೆಳಭಾಗ ಹಿಡಿದು ಭಾರ ಬಿಟ್ಟು ಒತ್ತಿದ್ರೆ ಹಿಂದಿನ ಗೋಡೆ ಉಸಿರಾಡಿದಂಗೆ ಅಲ್ಲಾಡ್ತಿತ್ತು. ತಗೊಳ್ಳೋ ಮುಂಚೆ ಇದೊಂದು ಮಾಡಿ ನೋಡಿ, ಜೊತೆಗೆ ಪ್ಲಾಸ್ಟಿಕ್ ಸುತ್ತಿಗೇಲಿ ಇಡೀ ಮೈ ಬಡೀರಿ, ಮಾರೋನು ಮುಖ ಸಿಂಡರಿಸ್ಲಿ ಪರವಾಗಿಲ್ಲ. ಒಳಗಿನ ತೇವ ಅಳೆಯೋ ಮಾಯಿಶ್ಚರ್ ಮೀಟರ್ ಬೇರೆ ತಂದಿದ್ದೆ, ಆದ್ರೆ ತಳ ಒದ್ದೆ ಇದ್ರೆ, ಹಿಂದೆ ಲೋಹ ಇದ್ರೆ ಅದು ಸುಳ್ಳು ಹೇಳುತ್ತೆ.

ಇನ್ನೊಂದ್ಸಲ ತಗೊಂಡ್ರೆ ನಾನು ಸಾಲಿಡ್ಡೇ ತಗೊಳ್ಳೋದು. ಕೋರ್ ಕೆಟ್ಟದ್ದು ಅಂತಲ್ಲ, ಓಡ್ಸೋ ಸುಖಕ್ಕೆ ಇವತ್ತಿಗೂ ಅದೇ, ನಮ್ ಕಡೆ ಕೈಗೆ ಡ್ರಿಲ್ ಸಿಕ್ಕೋರೆಲ್ಲಾ ತೂತು ಹೊಡೀತಾರೆ ಅಷ್ಟೆ. ಈಗ ಅದರಲ್ಲಿ ಒಂದು ಸ್ಕ್ರೂ ಹಾಕ್ಬೇಕಾದ್ರೂ ಮೊದಲು ದೊಡ್ಡ ತೂತು ಹೊಡೆದು, ಸುತ್ತ ಬಾಲ್ಸಾ ಕೆರೆದು ತೆಗೆದು, ಗಟ್ಟಿ ಎಪಾಕ್ಸಿ ತುಂಬಿ, ಅದು ಒಣಗಿದ ಮೇಲೆ ಆ ಎಪಾಕ್ಸಿಯೊಳಗೇ ಸಣ್ಣ ತೂತು ಹೊಡೀತೀವಿ. ಹೋದ ತಿಂಗಳು ಎರಡು ಲೈಟ್ ಹಾಕೋಕೆ ಮೂರು ದಿನ ಹಿಡೀತು, ಎಲೆಕ್ಟ್ರಿಷಿಯನ್ ದಿನಾ ಬಂದು ಟೀ ಕುಡಿದು ಹೋಗ್ತಿದ್ದ.