ಕಸಿನ್ ಅಂದ್ರೆ ಯಾರು? ಒಂದು ಡಬ್ಬಿ, ಎರಡು ಆ್ಯಪ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪ್ಲೆಕೊ ಅನ್ನುವ ಚೀನೀ-ಇಂಗ್ಲಿಷ್ ಡಿಕ್ಷನರಿ ಆ್ಯಪ್‌ಗೆ. ಈ ಬುದ್ಧಿ ಬರಲು 180 ಯುವಾನ್ ಖರ್ಚಾಯಿತು. ನಮ್ಮ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿಗೂ ಜಾಸ್ತಿ.

ಚೀನಾದ ಶೆನ್‌ಝೆನ್‌ಗೆ ಬಂದ ಹೊಸತರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಾನಿಕ್ ಡಿಕ್ಷನರಿ ಕೊಂಡೆ. ಮಡಚಿದರೆ ಕನ್ನಡಕದ ಡಬ್ಬಿಯಷ್ಟು. ನೆಟ್ ಬೇಡ, ಸೆಲ್ ಹಾಕಿದರೆ ವಾರಗಟ್ಟಲೆ ಓಡುತ್ತದೆ. ಇಂಗ್ಲಿಷ್ ಪದ ಒತ್ತಿದರೆ ಚೀನೀ ಅರ್ಥ ಬರುತ್ತದೆ. ಇನ್ನೇನು ಬೇಕು ಅಂದುಕೊಂಡೆ.

ಊರಲ್ಲಿ ಸೋದರತ್ತೆ ಮಗಳ ಮದುವೆ, ರಜೆ ಕೇಳಬೇಕಿತ್ತು. ಡಬ್ಬಿಯಲ್ಲಿ 'ಕಸಿನ್' ಒತ್ತಿದೆ. ಒಂದು ಉದ್ದನೆ ಸಾಲು ಬಂತು, ನಡುವೆ ಅಲ್ಪವಿರಾಮ, ಕಂಸ. ಅಕ್ಷರ ಮಾತ್ರ, ಓದುವುದು ಹೇಗೆ ಅಂತ ಇಲ್ಲ. ತಪ್ಪು ಡಬ್ಬಿಯದ್ದಲ್ಲ ಬಿಡಿ. ಅದು ಇಂಗ್ಲಿಷ್ ಕಲಿಯುವ ಚೀನೀ ಮಕ್ಕಳಿಗೆ ಮಾಡಿದ್ದು. ಇಂಗ್ಲಿಷ್ ಉಚ್ಚಾರಣೆ ಚೆನ್ನಾಗಿ ಕೊಡುತ್ತದೆ, ಚೀನೀ ಉಚ್ಚಾರಣೆ ಅವರಿಗೇಕೆ? ನಾನು ಮಾತ್ರ ಆ ಅಕ್ಷರಗಳನ್ನು ಫೋನಿನ ಮೇಲೆ ಬೆರಳಲ್ಲಿ ಗೀಚಿ, ಓದುವ ಬಗೆ ಹುಡುಕಬೇಕಾಯಿತು. ಡಿಕ್ಷನರಿ ಓದಲು ಇನ್ನೊಂದು ಡಿಕ್ಷನರಿ!

ಕೊನೆಗೆ ಸಾಲಿನ ಮೊದಲ ಪದವನ್ನೇ ಹಿಡಿದು, ಮದುಮಗಳ ಫೋಟೊ ತೋರಿಸಿ, 'ಥಾಂಗ್‌ಶ್ಯೊಂಗ್' ಮದುವೆ ಅಂದೆ. ಪಕ್ಕದ ಸೀಟಿನವಳು ನಗು ತಡೆಯಲಿಲ್ಲ. 'ಶ್ಯೊಂಗ್' ಅಂದರೆ ಅಣ್ಣ. ಹಾಗಾದರೆ ಅಕ್ಕನಿಗೆ ಏನು ಅಂತ ಕೇಳಿ 'ಥಾಂಗ್‌ಜ್ಯೆ' ಅಂದೆ. ಅದೂ ತಪ್ಪು. 'ಥಾಂಗ್' ಅಂದರೆ ಮನೆಯ ಹಜಾರ. ಅಪ್ಪನ ಅಣ್ಣತಮ್ಮಂದಿರ ಮಕ್ಕಳಿಗೆ ಮಾತ್ರ ಅದು. ಅತ್ತೆ ಮಕ್ಕಳು, ಮಾವನ ಮಕ್ಕಳು, ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳೆಲ್ಲ 'ಬ್ಯಾವ್', ಅಂದರೆ ಹೊರಗಿನವರು. ಹಿರಿಯರಾ ಕಿರಿಯರಾ, ಗಂಡಾ ಹೆಣ್ಣಾ ಸೇರಿ ಒಟ್ಟು ಎಂಟು ಪದ. ನನಗೆ ಬೇಕಿದ್ದದ್ದು 'ಬ್ಯಾವ್‌ಜ್ಯೆ'.

ಹೊಟ್ಟೆ ಉರಿದದ್ದು ಇದಕ್ಕೆ: 'ಅತ್ತೆ ಮಗಳು' ಅನ್ನುವಾಗಲೇ ನನ್ನ ಹತ್ತಿರ ಪೂರ್ತಿ ಲೆಕ್ಕ ಇತ್ತು. ನಡುವೆ ಇಂಗ್ಲಿಷ್ ಬಂದು ಎಲ್ಲ ಕಲಸಿಬಿಟ್ಟಿತು. ಚೀನೀಯರಿಗೂ ನಮ್ಮ ಹಾಗೇ ಅಣ್ಣ ಬೇರೆ, ತಮ್ಮ ಬೇರೆ. ಬರೀ 'ಬ್ರದರ್' ಅಂದರೆ ಯಾರು ಅಂತ ಅವರೂ ಕೇಳುತ್ತಾರೆ.

ಅದೇ 'ಕಸಿನ್' ಪದವನ್ನು ಪ್ಲೆಕೊದಲ್ಲಿ ಹಾಕಿದರೆ ಒಂದೊಂದು ಸಂಬಂಧವೂ ಬೇರೆ ಸಾಲಿನಲ್ಲಿ ಬರುತ್ತದೆ, ಓದುವ ಬಗೆ ಪಕ್ಕದಲ್ಲೇ. 'ತಂದೆಯ ವಂಶ, ಹಿರಿಯ, ಗಂಡು' ಅಂತ ಬಿಡಿಸಿ ಬರೆದಿರುತ್ತದೆ. ಅಕ್ಷರ ಮುಟ್ಟಿದರೆ ಅದರ ಬಿಡಿ ಅರ್ಥವೂ ಸಿಗುತ್ತದೆ. ಅದರೊಳಗಿರುವ ಉಚಿತ ಕೋಶ ಸಿಸಿ-ಸೀಡಿಕ್ಟ್. 1997ರಲ್ಲಿ ಶುರುವಾದದ್ದು, ಈಗಲೂ ಜನರೇ ಸೇರಿ ಬೆಳೆಸುತ್ತಿದ್ದಾರೆ. ಚೀನೀಯಿಂದ ಇಂಗ್ಲಿಷ್‌ಗೆ ಮಾಡಿದ ಕೋಶ, ಹಾಗಾಗಿ ವಿವರಣೆ ನನ್ನಂಥವರಿಗೇ ಇದೆ.

'ಹ್ಯೂಮರ್' ಇನ್ನೊಂದು ತಮಾಷೆ. ಡಬ್ಬಿ ಕೊಟ್ಟ ಪದ 'ಯೋಮೊ'. ಅಕ್ಷರ ಬಿಡಿಸಿದರೆ ಒಂದಕ್ಕೆ ಏಕಾಂತ, ಇನ್ನೊಂದಕ್ಕೆ ಮೌನ. ಚೀನೀಯರಿಗೆ ಹಾಸ್ಯ ಅಂದರೆ ಒಬ್ಬರೇ ಸುಮ್ನೆ ಕೂರುವುದಾ ಅಂತ ತಲೆಕೆಡಿಸಿಕೊಂಡೆ. ಇದು ಸಾಲ ತಂದ ಪದ, ಬರೀ ಸದ್ದಿಗೆ ಸದ್ದು, ಅಂತ ಪ್ಲೆಕೊ ಮೊದಲೇ ಹೇಳಿಬಿಡುತ್ತದೆ. ಲೇಖಕ ಲಿನ್ ಯುಟಾಂಗ್ 1924ರಲ್ಲಿ ಬಳಕೆಗೆ ತಂದದ್ದು.

ಆಫೀಸಿನವರೆಲ್ಲ ಬಳಸುವ ಇನ್ನೊಂದು ಉಚಿತ ಆ್ಯಪ್ ಇದೆ. ಉದಾಹರಣೆ ವಾಕ್ಯಗಳು ಬೇಕಾದಷ್ಟು. ಆದರೆ 'ಕಸಿನ್' ಇರುವ ವಾಕ್ಯ ಹಾಕಿದರೆ ಆ ಎಂಟು ಪದಗಳಲ್ಲಿ ಒಂದನ್ನು ತಾನೇ ಆರಿಸಿ ಕೊಡುತ್ತದೆ, ಕೇಳುವುದಿಲ್ಲ. ನನ್ನ ಅತ್ತೆ ಮಗಳು ಅದರಲ್ಲಿ 'ಬ್ಯಾವ್‌ಗೆ' ಆಗಿದ್ದಳು, ಅಂದರೆ ಮತ್ತೆ ಅಣ್ಣ. ಮೆಟ್ರೊದಲ್ಲಿ ಜಾಹೀರಾತು ಓದಲು ಇಟ್ಟುಕೊಂಡಿದ್ದೇನೆ. ಗೂಗಲ್ ಟ್ರಾನ್ಸ್‌ಲೇಟ್ ಅನ್ನು 2022ರಲ್ಲೇ ಇಲ್ಲಿ ನಿಲ್ಲಿಸಿದ್ದಾರೆ, ಅದರ ಮಾತು ಬೇಡ.

ದಿನಕ್ಕೆ ಹತ್ತು ಪದ ನೋಡುವವನು ನಾನು, ಅದೂ ನಿಂತುಕೊಂಡೇ. ಪ್ಲೆಕೊದಲ್ಲಿ ದುಡ್ಡು ಕೊಟ್ಟು ಕೊಳ್ಳುವ ಕೋಶಗಳೂ ಇವೆ, ನನಗೆ ಇದುವರೆಗೆ ಬೇಕಾಗಿಲ್ಲ.

ಮೊನ್ನೆ ಡಬ್ಬಿಯನ್ನು 60 ಯುವಾನ್‌ಗೆ ಮಾರಲು ಹಾಕಿದೆ. ಒಬ್ಬ ವಿಚಾರಿಸಿದ, ಚಾರ್ಜರ್ ಕೊಡುತ್ತೀರಾ ಅಂತ. ಸೆಲ್ ಹಾಕುವುದು ಅಂದೆ. ಮತ್ತೆ ಉತ್ತರ ಇಲ್ಲ.